ಸ್ಮೋಕೋ ಹೊತ್ತಿನ ನಡಿಗೆ

ಕಾಲ್ ಟ್ರೆವಾರ್ತಾ ಮೊದಲ ಸಲ ಕ್ಲಿನಿಕ್ಕಿಗೆ ಬಂದದ್ದು ಉಣ್ಣೆ ಕತ್ತರಿಸುವ ಶೆಡ್ಡಿನಿಂದ ನೇರವಾಗಿ, ಕೈಗೆ ಕುರಿಯ ಜಿಡ್ಡು ಮೆತ್ತಿಕೊಂಡೇ. ಎದೆ ಒಡೆದುಹೋಗುತ್ತದೆ, ಇನ್ನು ತಾನು ಉಳಿಯುವುದಿಲ್ಲ ಅನ್ನಿಸಿತ್ತಂತೆ. ಇಸಿಜಿ, ರಕ್ತ, ಥೈರಾಯಿಡ್ ಎಲ್ಲವೂ ಸರಿಯಾಗಿದ್ದವು. ವಾರಕ್ಕೆ ಎರಡೇ ದಿನ ಊರಿಗೆ ಬರುವ ಡಾಕ್ಟರು, "ಇದು ಪ್ಯಾನಿಕ್. ಮೊದಲು ದಿನಚರಿ ಸರಿಮಾಡಿ ನೋಡೋಣ, ಆಮೇಲೆ ಮಾತ್ರೆ" ಎಂದು ಅವನನ್ನು ನರ್ಸ್ ಮೆರಿಲಿನ್ ಶಿರ್ಮರಳ ಕೋಣೆಗೆ ಕಳಿಸಿದರು.

"ದಿನಕ್ಕೆ ಎಷ್ಟು ಟೀ ಕುಡೀತೀಯ, ಕಾಲ್?"

"ಎಣಿಸಿಲ್ಲ ಸಿಸ್ಟರ್. ಕುರಿ ಮಾತ್ರ ಎಣಿಸ್ತೀನಿ."

ಇಬ್ಬರೂ ಕೂತು ಎಣಿಸಿದರು. ಹದಿನಾಲ್ಕು ಕಪ್ಪು ಟೀ, ಅದರ ಮೇಲೆ ಮೂರು ಡಬ್ಬಿ ತಣ್ಣನೆಯ ಕಾಫಿ, ಇಪ್ಪತ್ತೈದು ಸಿಗರೇಟು. ಬೆಳಗಿನ ತಿಂಡಿ ಇಲ್ಲ. ನೀರು, ಹಲ್ಲುಜ್ಜುವಾಗ ಬಾಯಿಗೆ ಹೋದಷ್ಟು.

"ನನಗೆ ಬೇಕಾಗಿರೋದು ಒಂದೇ," ಎಂದ ಕಾಲ್. "ಶೆಡ್ಡಲ್ಲಿ ನಾನು ಉಣ್ಣೆ ಕತ್ತರಿಸೋ ಜಾಗ, ಆ ಮೂರನೇ ಸ್ಟ್ಯಾಂಡು ಉಳೀಬೇಕು. ಇಪ್ಪತ್ತಾರು ವರ್ಷದಿಂದ ಅಲ್ಲೇ ನಿಂತಿದೀನಿ. ಮತ್ತೆ, ಇದು ಯಾರಿಗೂ ಗೊತ್ತಾಗ್ಬಾರ್ದು. ಹೆದರಿಕೆ ಕಾಯಿಲೆ ಅಂತ ಗೊತ್ತಾದ್ರೆ ಆ ನನ್ಮಕ್ಕಳು ನಾನು ಸಾಯೋ ತನಕ ನನ್ನ ಕಂಡ್ರೆ ಕುರಿ ಥರ 'ಬ್ಯಾ' ಅಂತ ಅರಚ್ತಾರೆ."

ಸ್ಟ್ಯಾಂಡು ಉಳಿಸಿಕೊಡುತ್ತೇನೆ ಎಂದಳು ಮೆರಿಲಿನ್. ಒಂದು ಕಾರ್ಡು ಮಾಡಿಕೊಟ್ಟಳು: ಟೀ, ಸಿಗರೇಟು, ಬಿಯರು, ನೀರು, ತಿಂಡಿ, ನಡಿಗೆ, ಕೊನೆಯ ಸಾಲಿನಲ್ಲಿ ದಿಗಿಲು ಬಂದದ್ದೆಷ್ಟು ಸಲ. ಎರಡು ದಿನಕ್ಕೊಂದು ಕಪ್ಪಿನಂತೆ ಟೀ ಇಳಿಸಬೇಕು. ಬೆಳಗ್ಗೆ ಒಂಬತ್ತೂವರೆಗೂ ಮಧ್ಯಾಹ್ನ ಮೂರಕ್ಕೂ ಸ್ಮೋಕೋ, ಅಂದರೆ ಅರ್ಧ ಗಂಟೆಯ ಟೀ ಬಿಡುವಿನ ಗಂಟೆ ಹೊಡೆದಾಗ ಟೀ ಬಿಟ್ಟು, ಬೇಲಿಯುದ್ದಕ್ಕೂ ನಡೆಯಬೇಕು.

ನಡಿಗೆಯ ಆ ಸಾಲನ್ನು ಬರೆದದ್ದು ಅವಳದೇ ಕೈ. ಅವಳ ಅಪ್ಪನೂ ಉಣ್ಣೆ ಕತ್ತರಿಸುತ್ತಿದ್ದವನು. ಯಂತ್ರಗಳ ಗದ್ದಲದಲ್ಲಿ ಎರಡು ತಾಸು ಬಗ್ಗಿ ದುಡಿಯುವವರಿಗೆ ಮಾತು ಅಂತ ಇರುವುದು ಆ ಅರ್ಧ ಗಂಟೆಯಲ್ಲೇ ಎಂಬುದು ಅವಳಿಗೆ ಹೊಸದಾಗಿ ತಿಳಿಯಬೇಕಾದ ವಿಷಯವಾಗಿರಲಿಲ್ಲ. ಬರೆಯುವಾಗ ಅದು ನೆನಪಾಗಲಿಲ್ಲ. ಟೀಯಲ್ಲಿರುವ ಕೆಫೀನ್ ನೆನಪಾಯಿತು.

ಉಣ್ಣೆ ಕತ್ತರಿಸುವವನ ಕೈಗೆ ಲೆಕ್ಕದ ಕಾರ್ಡು ಕೊಟ್ಟರೆ ಅವನು ಅದನ್ನು ಸುಮ್ಮನೆ ತುಂಬುವುದಿಲ್ಲ, ಗೆಲ್ಲಲು ಹೊರಡುತ್ತಾನೆ. ತಿಂಗಳಲ್ಲಿ ಇಳಿಯಬೇಕಿದ್ದ ಟೀಯನ್ನು ಕಾಲ್ ಎರಡೇ ವಾರದಲ್ಲಿ ಸೊನ್ನೆಗೆ ತಂದ. ತಲೆನೋವು ಬಂತು, ಹಲ್ಲು ಕಚ್ಚಿ ತಡೆದುಕೊಂಡ. ಶುಕ್ರವಾರದ ಪಬ್ಬು ಬಿಟ್ಟ, ಬಿಯರೂ ಸೊನ್ನೆ. ದಿಗಿಲು ವಾರಕ್ಕೆ ಒಂಬತ್ತರಿಂದ ಆರಕ್ಕೆ, ಎರಡಕ್ಕೆ ಇಳಿಯಿತು. ಬಂದಾಗಲೆಲ್ಲ ಕಾರ್ಡನ್ನು ಮೇಜಿನ ಮೇಲೆ ಪಟ್ಟನೆ ಹಾಕುತ್ತಿದ್ದ.

"ನೋಡಿ ಸಿಸ್ಟರ್. ಈ ವಾರ ನಿಮ್ಮನ್ನೇ ಸೋಲಿಸಿದೀನಿ."

ಮೆರಿಲಿನ್ ಪ್ರತಿ ಸೊನ್ನೆಯ ಪಕ್ಕ ಕೆಂಪು ಶಾಯಿಯಲ್ಲಿ ನಕ್ಷತ್ರ ಬರೆದಳು.

ಆಗಸ್ಟಿನಲ್ಲಿ ಶೆಡ್ಡಿನ ಅಡುಗೆಯವಳು ಡಲ್ಸಿ ಬಿಪಿ ನೋಡಿಸಿಕೊಳ್ಳಲು ಬಂದಳು. ತೋಳಿಗೆ ಪಟ್ಟಿ ಬಿಗಿಯುತ್ತಿದ್ದಂತೆಯೇ ಶುರುವಿಟ್ಟಳು.

"ಕಾಲ್‌ಗೆ ಏನಾಗಿದೆ ಕಣೇ? ಗಂಟೆ ಹೊಡೆದ್ರೆ ಸಾಕು, ನಮ್ಮ ಮುಖ ನೋಡೋಕಾಗಲ್ಲ ಅನ್ನೋ ಹಾಗೆ ಬೇಲಿ ಕಡೆ ಹೋಗಿಬಿಡ್ತಾನೆ. ಕೈಲೊಂದು ನೀರಿನ ಬಾಟ್ಲಿ ಬೇರೆ, ಸ್ಕೂಲ್ ಹುಡುಗಿ ಥರ! ನಾನು ಸುಡೋ ಸ್ಕೋನ್ ಬನ್ನು ಮುಟ್ಟಿ ಎರಡು ತಿಂಗಳಾಯ್ತು."

"ಮಾತಾಡ್ಬೇಡ, ಬಿಪಿ ತಪ್ಪು ತೋರಿಸುತ್ತೆ."

"ತೋರಿಸ್ಲಿ ಬಿಡು. ಹುಡುಗ್ರು ಏನಂತಾರೆ ಗೊತ್ತಾ? ಬೇರೆ ಕಂತ್ರಾಟುದಾರನ ಜೊತೆ ಮಾತಾಗಿದೆ, ಅದಕ್ಕೇ ನಮ್ಮ ಜೊತೆ ಕೂರಲ್ಲ ಅಂತ. ನಿನಗೇನಾದ್ರೂ ಗೊತ್ತಾ?"

"ಇನ್ನೊಬ್ಬರ ವಿಷಯ ನಾನು ಹೇಳೋ ಹಾಗಿಲ್ಲ, ಡಲ್ಸಿ."

ಹಾಗೆಂದದ್ದರಲ್ಲಿ ತಪ್ಪಿರಲಿಲ್ಲ. ಆದರೆ ಮುಂದಿನ ಮಂಗಳವಾರ ಕಾಲ್ ಬಂದಾಗ ಅವನಿಗೇ ಒಂದು ಮಾತು ಹೇಳಬಹುದಿತ್ತು: ಬಿಸಿನೀರು ಹಿಡಿದುಕೊಂಡಾದರೂ ಅವರ ಜೊತೆ ಕೂತ್ಕೊ, ಡಲ್ಸಿಗಾದರೂ ನಿಜ ಹೇಳು. ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನು ಕಾರ್ಡು ಮುಂದಿಟ್ಟ. ಆ ವಾರ ಮೊದಲ ಸಲ, ಕೊನೆಯ ಸಾಲಿನಲ್ಲೂ ಸೊನ್ನೆ. ಇಂಥ ಹೊತ್ತಿನಲ್ಲಿ ಯಾವುದನ್ನೂ ಕದಲಿಸಬಾರದು ಅನ್ನಿಸಿತು ಅವಳಿಗೆ. ನಕ್ಷತ್ರ ಬರೆದಳು.

ಶೆಡ್ಡಿನಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಸೀಸನ್ ಶುರುವಾಗುವ ಮುಂಚೆ ಕಂತ್ರಾಟುದಾರ ಒಬ್ಬೊಬ್ಬರಿಗೂ ಫೋನ್ ಮಾಡುತ್ತಾನೆ, ಅಷ್ಟೆ. ಬೇಡವಾದವನಿಗೆ ಮಾಡುವುದಿಲ್ಲ.

ಹುಡುಗರ ಮಾತು ಕಂತ್ರಾಟುದಾರನ ಕಿವಿಗೂ ಬಿದ್ದಿತ್ತು. ಮುಂದಿನ ಸೀಸನ್ನಿಗೆ ಕಾಲ್‌ಗೆ ಫೋನ್ ಬರಲಿಲ್ಲ.

ಕೊನೆಯ ತಪಾಸಣೆಗೆ ಅವನು ಬಂದದ್ದು ಊರಿನ ಕೌನ್ಸಿಲ್ಲಿನ ಹಳದಿ ಅಂಗಿ ಹಾಕಿಕೊಂಡು. ಮೈದಾನದ ಹುಲ್ಲು ಕತ್ತರಿಸುವ ಕೆಲಸ ಸಿಕ್ಕಿತ್ತು.

"ಕುರಿ ಥರ ಹುಲ್ಲು ಒದೆಯಲ್ಲ ಸಿಸ್ಟರ್, ಅದೊಂದು ಲಾಭ," ಎಂದು ನಕ್ಕ. ತೂಕ ಇಳಿದಿತ್ತು, ನಾಡಿ ಅರವತ್ತೆಂಟು. ಇಪ್ಪತ್ತು ವಾರದಿಂದ ದಿಗಿಲು ಬಂದಿರಲಿಲ್ಲ. "ಎಲ್ಲಾ ನಿಮ್ಮಿಂದ."

"ಹೌದು, ನನ್ನಿಂದಲೇ," ಎಂದಳು ಮೆರಿಲಿನ್. "ಸ್ಮೋಕೋ ಹೊತ್ತಲ್ಲಿ ಒಬ್ಬನೇ ನಡಿ ಅಂತ ಬರೆದೋಳು ನಾನು. ಬರೀಬಾರ್ದಾಗಿತ್ತು, ಕಾಲ್. ಸ್ಟ್ಯಾಂಡು ಉಳಿಸ್ತೀನಿ ಅಂದಿದ್ದೆ."

ಕಾಲ್ ಕಾರ್ಡಿನ ಅಂಚನ್ನು ಹೆಬ್ಬೆರಳಿಂದ ಸವರಿದ.

"ನಿಮಗೇನು ಕನಸು ಬಿದ್ದಿತ್ತಾ? ಹೇಳ್ಬೇಕಾಗಿದ್ದೋನು ನಾನು. 'ಬ್ಯಾ' ಅಂತಿದ್ರು, ಒಂದು ವಾರ ಅಂತಿದ್ರು. ಆಮೇಲೆ ಅವರಿಗೇ ಬೇಜಾರಾಗ್ತಿತ್ತು."

ಗೋಡೆಯ ಗಡಿಯಾರದಲ್ಲಿ ಒಂಬತ್ತೂವರೆ, ಸ್ಮೋಕೋ ಹೊತ್ತು. ಹಿಂದಿನ ಕೋಣೆಯಲ್ಲಿ ಕೆಟಲು ಕೂಗಿತು. ಕಾಲ್ ತಟ್ಟನೆ ಎದ್ದು ನೀರಿನ ಬಾಟ್ಲಿಗೆ ಕೈ ಹಾಕಿದ.

"ಕೂತ್ಕೊ," ಎಂದಳು ಮೆರಿಲಿನ್.

ಒಳಗೆ ಹೋಗಿ ಅವನಿಗೆ ಬರೀ ಬಿಸಿನೀರು, ತನಗೆ ಟೀ ತಂದಳು. ತಟ್ಟೆಯಲ್ಲಿ ಎರಡು ಬಿಸ್ಕತ್ತು. ಅವನು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕೂತ. ಬಿಸ್ಕತ್ತನ್ನು ಬಿಸಿನೀರಿಗೆ ಅದ್ದಿ ತಿಂದ. ಸ್ವಲ್ಪ ಹೊತ್ತಿನ ಮೇಲೆ ಗಡಿಯಾರ ನೋಡಿದ.

"ಜೊತೆಗೆ ಕೂತು ಮಾತಾಡೋದೇ ಮರೆತುಹೋಗಿದೆ. ಅರ್ಧ ಗಂಟೆ ಅಂದ್ರೆ ಇಷ್ಟು ಉದ್ದ ಇರುತ್ತಾ, ಸಿಸ್ಟರ್?"