ಗೋಡೆಯಾಚೆಯ ಮಗು

ಮೇಣ ಹನಿಯಿತು, ಕರಿ ಕೈಗವಸಿನ ಮೇಲೆ, ಬಿಸಿ ಒಳಗೆ ತಟ್ಟಲಿಲ್ಲ, ಹನಿ ಬೆಳ್ಳಗೆ ಗಟ್ಟಿಯಾಗುತ್ತಿದೆ, ಕೆರೆದು ತೆಗೆಯಬಹುದೋ ಬಾರದೋ ವಿನಿಫ್ರೆಡ್‌ಗೆ ಗೊತ್ತಿಲ್ಲ, ಹದಿಮೂರು ವರ್ಷ ಪೋಲೆಂಡಿನಲ್ಲಿ ಬಾಳಿಯೂ ಇಂಥದ್ದು ಗೊತ್ತಾಗುವುದಿಲ್ಲ, ಪಕ್ಕದಲ್ಲಿ ನಾದಿನಿ ಸೆಲಿನಾ ಹೇಗೆ ಹಿಡಿದಿದ್ದಾಳೆ ನೋಡೋಣ — ನೆಟ್ಟಗೆ, ಒಂದು ಹನಿಯೂ ಬೀಳದಂತೆ, ಮೋಂಬತ್ತಿ ಹಿಡಿದುಕೊಂಡೇ ಹುಟ್ಟಿದವಳ ಹಾಗೆ. ಎದುರಿಗೆ ಶವಪೆಟ್ಟಿಗೆ, ಒಳಗೆ ಗಂಡ ಕ್ಸಾವೆರಿ, ಮುಚ್ಚಳದ ಮೇಲೆ ಮರದ ಗುರಾಣಿ, ಗುರಾಣಿಯಲ್ಲಿ ಒಂಟಿ ಕಾಲಿನ ಬಿಳಿ ಕೊಕ್ಕರೆ, ಲುಬೊರ್ಸ್ಕಿ ಮನೆತನದ ಕೊಕ್ಕರೆ, ತಲೆಕೆಳಗಾಗಿ ಇಟ್ಟಿದ್ದಾರೆ, ಕಾಲು ಆಕಾಶಕ್ಕೆ ಚಾಚಿದೆ. ಬೆಳಿಗ್ಗೆ ಅದನ್ನು ನೋಡಿ, ಅಯ್ಯೋ ಯಾರೋ ತಪ್ಪಿ ಇಟ್ಟಿದ್ದಾರೆ ಅಂತ ಸರಿಮಾಡಲು ಹೋಗಿದ್ದಳು, ಸೆಲಿನಾ ಮಣಿಕಟ್ಟು ಹಿಡಿದಳು, ವಿನಿಫ್ರೆದಾ, ಅದು ಹಾಗೇ ಇರಬೇಕು ಕಣೇ, ವಂಶದ ಕೊನೇ ಗಂಡಸು ಹೋದಾಗ ತಲೆಕೆಳಗೇ ಇಡೋದು, ಆಮೇಲೆ ಒಡೆಯೋದು, ಸಮಾಧಿಗೆ ಗೋಡೆ ಕಟ್ಟಿಬಿಡೋದು, ನಿಮ್ಮ ಕಡೆ ಇದೆಲ್ಲ ಇಲ್ವೇನೋ. ನಮ್ಮ ಕಡೆ ಇಲ್ಲ, ನಮ್ಮ ಕಡೆ ಅಂದರೆ ಡುಲೂತ್, ಸರೋವರದ ದಡ, ಅದಿರು ತುಂಬುವ ಹಡಗುಕಟ್ಟೆಯಲ್ಲಿ ಅಪ್ಪ ಗುಮಾಸ್ತ, ಅಲ್ಲಿ ಗಂಡಸರು ಸತ್ತರೆ ಹೆಂಗಸರು ಆಲೂಗಡ್ಡೆ ಬೇಯಿಸುತ್ತಾರೆ, ಒಡೆಯಲು ಗುರಾಣಿ ಯಾರ ಮನೆಯಲ್ಲಿತ್ತು. ಮದುವೆಯಾಗಿ ಬಂದ ಮೊದಲ ದಿನ ಅತ್ತೆ ತಾವೇ ಅವಳ ಪೆಟ್ಟಿಗೆ ತೆಗೆಸಿ ನೋಡಿದ್ದರು, ಎರಡು ಲಂಗ, ಒಂದು ಬೈಬಲ್ಲು, ಸಂಜೆ ತರಗತಿಯ ಟೈಪಿಂಗ್ ಸರ್ಟಿಫಿಕೇಟು, ಅಮೆರಿಕದವಳನ್ನ ಕಟ್ಕೊಂಡೆ ಅಂತ ತಂತಿ ಕಳಿಸಿದ್ಯಲ್ಲೋ ಮಗನೇ, ನಾನು ಹೊಸ ಚಾವಣಿ ಹಾಕಿಸೋಕೆ ಅಳತೆ ತೆಗೆಸಿಟ್ಟಿದ್ದೆ, ಬಡ ಅಮೆರಿಕಾನೂ ಒಂದಿದೆಯಾ? ಇದೆ ಅಮ್ಮ, ತುಂಬಾ ಕಷ್ಟಪಟ್ಟು ಹುಡುಕಿ ತಂದೆ, ಅಂದ ಕ್ಸಾವೆರಿ, ಮೇಜಿನ ಸುತ್ತ ಎಲ್ಲರೂ ನಕ್ಕರು, ಅತ್ತೆಯೂ ನಕ್ಕರು, ಚಾವಣಿ ಮಾತ್ರ ಈಗಲೂ ಸೋರುತ್ತದೆ. ಯುದ್ಧ ಮುಗಿದ ಮೇಲೆ ವಾರ್ಸಾದಲ್ಲಿ ಮಕ್ಕಳಿಗೆ ಹಾಲು ಹಂಚುವ ಕಚೇರಿ, ಅವಳು ಟೈಪಿಸ್ಟ್, ಅವನು ತನ್ನ ಹಳ್ಳಿಯ ಮಕ್ಕಳಿಗೆ ಹಾಲಿನ ಡಬ್ಬಿ ಕೇಳಲು ಬಂದವ, ಮೂರು ಸಲ ಅರ್ಜಿ ತಪ್ಪು ತುಂಬಿದ, ಮೂರು ಸಲವೂ ಅವಳು ತಿದ್ದಿಕೊಟ್ಟಳು, ನಾಲ್ಕನೆಯ ಸಲ ಬೇಕೆಂದೇ ತಪ್ಪು ಮಾಡಿದೆ ವಿನಿ, ಅಂತ ಆಮೇಲೆ ಹೇಳಿದ.

ಕೊನೆಯ ಗಂಡಸು. ಅಲ್ಲ. ಕೊನೆಯವ ಇವನಲ್ಲ, ಇವನಿಗೂ ಒಬ್ಬ ಮಗ ಇದ್ದ, ಒಂಬತ್ತು ದಿನ ಇದ್ದ, ಆದರೆ ಲೆಕ್ಕಕ್ಕಿಲ್ಲ, ವಂಶದ ಪುಸ್ತಕದಲ್ಲಿಲ್ಲ, ಈ ಕಲ್ಲಿನ ಹಾಸಿನ ಕೆಳಗಿನ ನೆಲಮಾಳಿಗೆಯಲ್ಲಿ ಹನ್ನೊಂದು ತಲೆಮಾರು ಮಲಗಿದೆ, ಅಲ್ಲೂ ಇಲ್ಲ, ಜ್ಞಾನಸ್ನಾನ ಆಗದ ಕೂಸಿಗೆ ಒಳಗೆ ಜಾಗವಿಲ್ಲ, ಪ್ರಾರ್ಥನಾಮಂದಿರದ ಗೋಡೆಯಾಚೆ ಮುಳ್ಳಿನ ಗಿಡದ ಬುಡದಲ್ಲಿ, ಶಿಲುಬೆಯಿಲ್ಲ, ಕಲ್ಲಿಲ್ಲ, ಕ್ಸಾವೆರಿ ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಸಿಗರೇಟು ಸೇದುವ ನೆಪದಲ್ಲಿ ಆ ಕಡೆ ಸುತ್ತಿ ಬರುತ್ತಿದ್ದ, ಒಂದು ದಿನವೂ ಅವಳನ್ನು ಒಂದು ಮಾತು ಅನ್ನಲಿಲ್ಲ, ಅಂದಿದ್ದರೆ ಚೆನ್ನಾಗಿತ್ತು. ಹಿಂದಿನ ವಾರ ಜ್ವರ ನೆತ್ತಿಗೇರಿದಾಗ ಮಾತ್ರ ಎದ್ದು ಕೂತ, ವಿನಿ, ಹುಡುಗ ಹೊರಗಿದ್ದಾನೆ, ಥಂಡಿ, ಒಳಗೆ ಕರ್ಕೊಂಡು ಬಾ. ಹೂಂ ಕರ್ಕೊಂಡು ಬರ್ತೀನಿ ಅಂದಳು. ಮಾತು ಕೊಟ್ಟಳು. ಇವತ್ತು ಗೋಡೆ ಕಟ್ಟಿದರೆ ಮತ್ತೆ ತೆಗೆಯುವುದಿಲ್ಲ. ಹಾಗಾದ್ರೆ ಇವರನ್ನೇ ಹೊರಗೆ ಅವನ ಪಕ್ಕ ಮಲಗಿಸೋಣ ಅಂತ ಸೆಲಿನಾಗೆ ಹೇಳಿ ನೋಡಿದಳು, ಸೆಲಿನಾ ಬೈಯಲಿಲ್ಲ, ಹಣೆ ಮುಟ್ಟಿ ನೋಡಿದಳು, ನಿನಗೂ ಜ್ವರ ಬಂತೇನೇ. ಹಿಂದೆಯೂ ಒಂದು ಮಾತು ಕೊಟ್ಟಿದ್ದಳಲ್ಲ ವಿನಿಫ್ರೆಡ್, ಮದುವೆಗೆ ಮುಂಚೆ, ಪಾದ್ರಿಯ ಮೇಜಿನ ಮೇಲೆ ಕಾಗದ, ಮಕ್ಕಳನ್ನು ಈ ಕಥೋಲಿಕ ಸಭೆಗೇ ಒಪ್ಪಿಸುತ್ತೇನೆ ಅಂತ ಸಹಿ, ನೀಟಾದ ಸಹಿ — ಡುಲೂತ್‌ನ ಅವಳ ಪಂಗಡದಲ್ಲಿ ಕೂಸಿಗೆ ಜ್ಞಾನಸ್ನಾನದ ನೀರು ಹಾಕುವುದಿಲ್ಲ, ಕೂಸಿಗೆ ಯಾವ ಪಾಪ, ಬೆಳೆದು ತಿಳಿದು ತಾನೇ ನಡೆದು ನೀರಿಗಿಳಿಯಬೇಕು, ಹದಿನಾಲ್ಕರಲ್ಲಿ ಅವಳು ಇಳಿದಿದ್ದಳು, ಜೂನ್ ತಿಂಗಳಲ್ಲೂ ಸರೋವರ ಮೂಳೆ ಕೊರೆಯುವಷ್ಟು ತಣ್ಣಗೆ, ಮೇಲೆದ್ದಾಗ ಇಡೀ ಆಕಾಶ ಕಿವಿಯೊಳಗೆ ಗುಂಯ್‌ಗುಟ್ಟಿತ್ತು — ಆದರೂ ಸಹಿ ಮಾಡಿದ್ದಳು, ಮಾಡಿದ ಮೇಲೆ ನಡೆಸಬೇಕು, ನಡೆಸುತ್ತಿದ್ದಳು, ಕ್ಸಾವೆರಿ ಬರಲಿ ಅಂತ ಕಾದಳು ಅಷ್ಟೆ, ಜಮೀನಿನ ವ್ಯಾಜ್ಯಕ್ಕೆ ವಾರ್ಸಾಗೆ ಹೋಗಿದ್ದ, ಹತ್ತು ದಿನದ ಮಾತು, ತಂದೆ ಬರಲಿ, ನೆಂಟರು ಬರಲಿ, ಸರಿಯಾಗಿ ಆಗಲಿ. ಅಷ್ಟೇನಾ? ಅಷ್ಟೇ ಆಗಿದ್ದರೆ ಒಳಗೊಳಗೆ ಯಾಕೆ ಖುಷಿಯಿತ್ತು, ಇನ್ನೂ ಒಂದು ದಿನ ಇವನು ಯಾರವನೂ ಅಲ್ಲ, ನನ್ನವನು, ಅಂತ? ಒಂಬತ್ತನೆಯ ಬೆಳಗ್ಗೆ ಉಸಿರು ಗೊರಗೊರ ಅಂದಿತು, ದಾದಿ ಪೆಟ್ರೊನೆಲಾ ಅಡುಗೆಮನೆಯಿಂದ ಬಟ್ಟಲಲ್ಲಿ ನೀರು ತಂದಳು, ಅಮ್ಮಾವ್ರೇ, ಪಾದ್ರಿ ಬರೋತನಕ ಕಾಯೋದು ಬೇಡ, ಇಂಥ ಹೊತ್ತಲ್ಲಿ ಯಾರು ಬೇಕಾದ್ರೂ ಹಾಕಬಹುದು, ಮೂರು ಹನಿ, ನಾನು ನಾಲ್ಕು ಕೂಸಿಗೆ ಹಾಕಿದೀನಿ. ಬೇಡ ಪೆಟ್ರೊನೆಲಾ, ಬರೀ ನೆಗಡಿ, ಅಡುಗೆಮನೆ ಬಟ್ಟಲಲ್ಲಿ ಬೇಡ, ಗುರುವಾರ ಅವರು ಬರ್ತಾರೆ — ಬಟ್ಟಲನ್ನು ಅವಳ ಕೈಯಿಂದ ತೆಗೆದು ಕಿಟಕಿಯ ಕಟ್ಟೆ ಮೇಲಿಟ್ಟಳು, ನೀರು ತುಳುಕಲೂ ಇಲ್ಲ, ಅಷ್ಟು ಜೋಪಾನವಾಗಿ. ಮಧ್ಯಾಹ್ನದ ಗಂಟೆ ಹೊಡೆಯುವುದರೊಳಗೆ ಮುಗಿಯಿತು.

ಯಾರೋ ತೋಳು ಮುಟ್ಟಿದರು, ಗಂಟೆ ಹೊಡೆಯುವವ, ಪಾದ್ರಿಗಳು ಒಳಗೆ ಕರೀತಾರೆ, ಪೂಜೆ ಮುಗಿಯಿತೇ, ಎಲ್ಲರೂ ಎದ್ದು ನಿಂತಿದ್ದಾರೆ, ಮೋಂಬತ್ತಿಯನ್ನು ಯಾರಿಗೆ ಕೊಡುವುದು, ಸೆಲಿನಾ ತೆಗೆದುಕೊಂಡಳು. ಉಡುಪು ಬದಲಿಸುವ ಕೋಣೆ, ಧೂಪದ ಘಾಟು, ಪಾದ್ರಿ ಹಿಲಾರಿ ಕುರ್ಚಿಯಲ್ಲಿ, ಬೀರುವಿನ ಪಕ್ಕ ಪೆಟ್ರೊನೆಲಾ, ಕರಿ ತಲೆವಸ್ತ್ರ, ಎಷ್ಟು ಮುದುಕಿಯಾಗಿದ್ದಾಳೆ, ಕಣ್ಣು ಮಾತ್ರ ವಿನಿಫ್ರೆಡ್ ಮೇಲೇ ನೆಟ್ಟಿದ್ದಾಳೆ. ಕೂತ್ಕೊಳ್ಳಿ ತಾಯಿ, ಈ ಪೆಟ್ರೊನೆಲಾ ಇವತ್ತು ಬೆಳಿಗ್ಗೆ ನನ್ನ ಹತ್ರ ಬಂದು ಒಂದು ವಿಷಯ ಹೇಳಿದಳು, ಹನ್ನೊಂದು ವರ್ಷ ಹೆದರಿಕೊಂಡು ಬಾಯಿ ಬಿಟ್ಟಿರಲಿಲ್ಲವಂತೆ, ಆ ಬೆಳಿಗ್ಗೆ ಮಗುವಿಗೆ ತಾನೇ ನೀರು ಹಾಕಿದಳಂತೆ. ಹೌದು ಫಾದರ್, ಮೂರು ಸಲ, ಹೆನ್ರಿಕ್ ಅಂತ ಹೆಸರಿಟ್ಟೆ, ಅಮ್ಮಾವ್ರು ಅಲ್ಲೇ ನಿಂತಿದ್ರು. ನೀನು ಸುಮ್ಮನಿರು, ನಾನು ಅವರನ್ನ ಕೇಳ್ತಿರೋದು, ತಾಯಿ, ನೀವು ನೋಡಿದ್ರಾ? ಅವಸರ ಇಲ್ಲ. ಬಹಳ ಹಿಂದಿನ ಮಾತು. ಅಂಥ ಹೊತ್ತಲ್ಲಿ ತಾಯಂದಿರಿಗೆ ಕಣ್ಣೆದುರಿನದ್ದೂ ಕಾಣೋದಿಲ್ಲ, ಎಷ್ಟೋ ವರ್ಷದ ಮೇಲೆ ನೆನಪಾಗುತ್ತೆ, ನಾನು ಎಷ್ಟು ಕಂಡಿದೀನಿ. ನೀವು ನೋಡಿದೆ ಅಂದ್ರೆ ನನಗೆ ಸಾಕು, ಬೇರೆ ಏನೂ ಕೇಳೋದಿಲ್ಲ, ಗೋರಿ ತೋಡೋನು ಇಗ್ನಾತ್ಸಿ ಗುದ್ದಲಿ ಹಿಡ್ಕೊಂಡು ಆಚೆ ನಿಂತಿದಾನೆ, ಅರ್ಧ ಗಂಟೆಯ ಕೆಲಸ, ತಂದೆಯ ಪಕ್ಕ ಜಾಗ ಇದೆ. ಕಿಟಕಿಯಲ್ಲಿ ಇಗ್ನಾತ್ಸಿಯ ಟೋಪಿ ಕಾಣುತ್ತದೆ, ಮುಳ್ಳಿನ ಗಿಡವೂ ಕಾಣುತ್ತದೆ, ಕೆಂಪು ಹಣ್ಣು, ಒಂದು ಮಾತು, ಹೌದು ಅನ್ನುವ ಮಾತು, ಇವರ ಪೋಲಿಷ್ ಭಾಷೆಯಲ್ಲಿ ಮೂರೇ ಅಕ್ಷರ, ಮುದುಕ ಪಾದ್ರಿ ಅದನ್ನು ಬಾಯಿಯ ಹತ್ತಿರವೇ ಹಿಡಿದಿದ್ದಾನೆ, ಮುದುಕಿ ತನ್ನ ಆತ್ಮವನ್ನೇ ಒತ್ತೆಯಿಟ್ಟು ನಿಂತಿದ್ದಾಳೆ, ಹೇಳು, ಹೇಳು ವಿನಿ, ಹುಡುಗ ಹೊರಗಿದ್ದಾನೆ — ಆದರೆ ಕಣ್ಣೆದುರಿಗೆ ಬಟ್ಟಲು, ನೀಲಿ ಅಂಚು, ತುಂಬಿದ ನೀರು, ಅದರಲ್ಲಿ ಕಿಟಕಿಯ ನಾಲ್ಕು ಗಾಜು, ಸುಳ್ಳು ಹೇಳಿ ಒಳಗೆ ಸೇರಿಸಿದರೆ ಅವನು ಒಳಗಿದ್ದ ಹಾಗೇ ಆಗುತ್ತದೆಯೇ, ದೇವರಿಗೆ ಯಾವ ಬಟ್ಟಲಾದರೇನು, ಹಾಗಾದರೆ ಆವತ್ತು ನನಗೆ ಯಾಕೆ ಬೇಕಿತ್ತು ಸರಿಯಾದ ಬಟ್ಟಲು — ಮತ್ತೆ ಅವಳಿಗೆ ತನ್ನ ದನಿಯೇ ಕೇಳಿಸಿತು, ನಿಧಾನ, ಸಂಜೆ ತರಗತಿಯಲ್ಲಿ ಪಾಠ ಒಪ್ಪಿಸುವ ಹಾಗೆ, ಒಂದೂ ತಪ್ಪಿಲ್ಲದೆ, ಇಲ್ಲ ಫಾದರ್, ಬಟ್ಟಲನ್ನು ನಾನೇ ಅವಳ ಕೈಯಿಂದ ತೆಗೆದೆ, ನೀರು ಬೀಳಲಿಲ್ಲ. ಪಾದ್ರಿ ಕಣ್ಣು ಮುಚ್ಚಿದರು. ಪೆಟ್ರೊನೆಲಾ ಅಳಲಿಲ್ಲ, ತಲೆವಸ್ತ್ರದ ಗಂಟು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿಕೊಂಡಳು. ಸರಿ ತಾಯಿ, ನೀವು ಸತ್ಯವಂತರು, ಅಂದರು ಪಾದ್ರಿ, ಅದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ.

ನೆಲಮಾಳಿಗೆಯ ಮೆಟ್ಟಿಲು, ಹದಿನೇಳು, ಗೋಡೆಗೆ ಕೈಯಿಟ್ಟು ಇಳಿ, ಪೆಟ್ಟಿಗೆಯನ್ನು ಗೂಡಿನೊಳಗೆ ತಳ್ಳಿದರು, ಕಲ್ಲಿಗೆ ಮರ ಉಜ್ಜುವ ಸದ್ದು, ಪಕ್ಕದಲ್ಲಿ ಖಾಲಿ, ಒಂದೂವರೆ ಮೊಳ ಖಾಲಿ, ಹಳೇ ಕಾರುಭಾರಿ ತಿಯೋಫಿಲ್ ಗುರಾಣಿಯನ್ನು ಕಲ್ಲಿನ ಮೇಲಿಟ್ಟು ಕೊಡಲಿ ಎತ್ತಿದ, ಇಲ್ಲಿಯವರೆಗೆ ಲುಬೊರ್ಸ್ಕಿಗಳು, ಇನ್ನು ಮೇಲೆ ಯಾರೂ ಇಲ್ಲ, ಅಂತ ಕೂಗಬೇಕು, ಕೂಗಿದ, ಮೊದಲ ಏಟಿಗೆ ಒಡೆಯಲಿಲ್ಲ, ಯಾರೋ ಹಿಂದಿನಿಂದ, ಗಟ್ಟಿ ಮರ ಬಿಡಪ್ಪ, ಅವರ ಹಾಗೇ ಹಟಮಾರಿ, ಎರಡನೆಯ ಏಟಿಗೆ ಸೀಳಿತು, ಸೆಲಿನಾ ಮೊದಲ ಸಲ ಬಿಕ್ಕಿದಳು, ಇಷ್ಟು ಹೊತ್ತೂ ನೆಟ್ಟಗಿದ್ದ ಸೆಲಿನಾ, ಅವಳ ತಲೆ ತನ್ನ ಭುಜಕ್ಕೆ ಬಂದು ಒರಗಿದೆ, ಎಷ್ಟು ಹಗುರ, ನಾವಿಬ್ಬರೇ ಉಳಿದ್ವಿ ಕಣೇ ವಿನಿಫ್ರೆದಾ. ಹಿಂದಿನಿಂದ ಕಿವಿಯ ಹತ್ತಿರ ಪೆಟ್ರೊನೆಲಾಳ ಉಸಿರು, ಬೆಳ್ಳುಳ್ಳಿಯ ಉಸಿರು, ಸುಳ್ಳಿನ ಪಾಪಾನ ನಾನು ಹೊರ್ತಿದ್ನಲ್ಲ ಅಮ್ಮಾವ್ರೇ, ನಿಮ್ಮನ್ನ ಹೊರು ಅಂದ್ನಾ, ಒಂದು ಹೂಂ ಅಂದಿದ್ರೆ ಸಾಕಿತ್ತು. ಗಾರೆ ಮೇಸ್ತ್ರಿ ಶುರುಮಾಡಿದ, ಇಟ್ಟಿಗೆ, ಗಾರೆ, ಕರಣೆಯ ಹಿಡಿಯಿಂದ ಒಂದು ತಟ್ಟು, ಇಟ್ಟಿಗೆ, ಗಾರೆ, ತಟ್ಟು, ಕ್ಸಾವೆರಿಯ ಕಾಲಿನ ಕಡೆ ಮುಚ್ಚಿತು, ಕರ್ಕೊಂಡು ಬರ್ತೀನಿ ಅಂದೆ, ಕರ್ಕೊಂಡು ಬರಲಿಲ್ಲ, ಆದರೆ ಸುಳ್ಳಾಡಲಿಲ್ಲ ಕ್ಸಾವೆರಿ, ಆಡಲಿಲ್ಲ, ಅದನ್ನು ತಗೊಂಡು ನೀನು ಏನು ಮಾಡ್ತೀಯ, ಇಟ್ಟಿಗೆ, ಗಾರೆ, ತಟ್ಟು, ಗೂಡಿನ ಬಾಯಿಯ ಕಪ್ಪು ಸಣ್ಣದಾಯಿತು, ಬಾಗಿಲಿನಷ್ಟಿದ್ದದ್ದು ಕಿಟಕಿಯಷ್ಟು, ಕಿಟಕಿಯಷ್ಟಿದ್ದದ್ದು ದಿಂಬಿನಷ್ಟು, ಮೇಸ್ತ್ರಿ ಕೊನೆಯ ಇಟ್ಟಿಗೆಗೆ ಗಾರೆ ಹಚ್ಚಿ ಕೈಯಲ್ಲಿ ಹಿಡಿದು ತಿರುಗಿ ನಿಂತ, ಕೊನೆಯದನ್ನು ಮನೆಯವರನ್ನು ಕೇಳಿಯೇ ಇಡಬೇಕು, ಅಮ್ಮಾವ್ರೇ, ಇಡ್ಲಾ? ಎಲ್ಲರೂ ಅವಳನ್ನೇ ನೋಡುತ್ತಿದ್ದಾರೆ, ಹೂಂ ಅನ್ನಬೇಕು, ಈಗ ಹೂಂ ಅನ್ನಬೇಕು, ಗೋಡೆಯಲ್ಲಿ ಒಂದೇ ಒಂದು ಇಟ್ಟಿಗೆಯಷ್ಟು ಕಪ್ಪು, ಇಡ್ಲಾ ಅಮ್ಮಾವ್ರೇ, ಗಾರೆ ಒಣಗ್ತಿದೆ, ಇಟ್ಟಿಗೆಯ ಅಂಚಿನಿಂದ ಗಾರೆ ಒಂದು ತೊಟ್ಟು ಕೆಳಗೆ ಬಿತ್ತು, ಒಂದು ಇಟ್ಟಿಗೆಯಷ್ಟು ಕಪ್ಪು, ಇಷ್ಟೇ ಜಾಗ ಸಾಕಿತ್ತು ಅವನಿಗೆ, ಇನ್ನೊಂದು ತೊಟ್ಟು, ಒಂದು ಇಟ್ಟಿಗೆಯಷ್ಟು, ಕಪ್ಪು, ಒಂದು ಇಟ್ಟಿಗೆಯಷ್ಟು —