ಹತ್ತನೆಯ ಕಾಲು

ಚೀರು ಹೊಸ ಕಂಪ್ಯೂಟರ್ ಪೆಟ್ಟಿಗೆಯ ಕೊನೆಯ ಸ್ಕ್ರೂ ಬಿಚ್ಚಿ ಪಕ್ಕದ ತಗಡನ್ನು ಎಳೆದಾಗ, ಗೋಡೆಯಾಚೆ ನಡುಮನೆಯಲ್ಲಿ ಹೆಂಗಸರು ಜೈನರ ಣಮೋಕಾರ ಮಂತ್ರ ಹೇಳುತ್ತಿದ್ದರು. ಸುಮತಿಯ ದೇಹ ಅಲ್ಲಿ ಚಾಪೆಯ ಮೇಲಿತ್ತು. ಬೆಳಗಾಗುತ್ತಲೇ ಎದೆ ಹಿಡಿದುಕೊಂಡು ಕುಸಿದವಳು, ಆಸ್ಪತ್ರೆಗೆ ಒಯ್ಯಲು ಜೀಪು ಬರುವ ಹೊತ್ತಿಗೆ ಜೀವ ಇರಲಿಲ್ಲ.

"ಹೆಣ ಮನೇಲಿರುವಾಗ ಇದೇನು ಕೆಲ್ಸ ನಿಂದು?" ಸುಮತಿಯ ಅಣ್ಣ ಪದ್ಮಪ್ಪ ಬಾಗಿಲಲ್ಲಿ ನಿಂತಿದ್ದರು. "ಮುಚ್ಚಿಡು. ಇನ್ನು ಈ ಕೋಣೆ ಅಂಗಡಿ ಅಲ್ಲ."

"ಇವತ್ತು ಗ್ರಂಥಾಲಯದ ಅಚ್ಯುತನ್ ಮಾಷಿಗೆ ಇದನ್ನ ಓಡ್ಸಿ ತೋರಿಸ್ಬೇಕು ಅಣ್ಣಾ. ಸುಮತಿ ಅಕ್ಕ ಮಾತು ಕೊಟ್ಟಿದ್ದಾರೆ."

"ಮಾತು ಕೊಟ್ಟೋಳೇ ಹೋದ್ಮೇಲೆ?"

"ನಾನಿದ್ದೀನಲ್ಲ."

ಗಂಡ ಸತ್ತ ಮೇಲೆ ಪನಮರಂನ ತವರಿಗೆ ಮರಳಿದ ಸುಮತಿ, ನಲವತ್ತರಲ್ಲಿ ಕೋಝಿಕ್ಕೋಡಿಗೆ ಹೋಗಿ ಕಂಪ್ಯೂಟರ್ ಕೂಡಿಸುವುದನ್ನು ಕಲಿತಿದ್ದಳು. ರಸ್ತೆ ಬದಿಯ ಈ ಕೋಣೆಗಾಗಿ ಅಣ್ಣನೊಡನೆ ಜಗಳವಾಡಿದ್ದಳು. ತೃಶ್ಶಿಲೇರಿಯ ಹಾಡಿಯ ಹುಡುಗಿ ಚೀರುವನ್ನು ಕೆಲಸ ಕಲಿಸಲು ಜೊತೆಗೆ ಸೇರಿಸಿಕೊಂಡಾಗ ಮತ್ತೊಂದು ಜಗಳ.

*

ಹಿಂದಿನ ಸಂಜೆ ಇದೇ ಕೋಣೆಯಲ್ಲಿ ಮರಕ್ಕಡವಿನ ಗ್ರಂಥಾಲಯದ ಸಮಿತಿಯವರು, ಮೇಷ್ಟ್ರಾದ ಅಚ್ಯುತನ್ ಮಾಷ್ ಜೊತೆ, ನಿಂತಿದ್ದರು. ಅವರ ಮೊದಲ ಕಂಪ್ಯೂಟರ್. ಸುಮತಿ ಗುಂಡಿ ಒತ್ತಿದಳು. ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದಳು. ಮತ್ತೆ ಅಷ್ಟೇ.

"ಹೆಂಗಸ್ರು ಕೂಡ್ಸಿದ್ರೆ ಹಿಂಗೇ," ಒಬ್ಬ ನಕ್ಕ. "ಕೋಝಿಕ್ಕೋಡಿಂದ ತರ್ಸೋಣ ಮಾಷೇ."

ಪೆಟ್ಟಿಗೆಯೊಳಗೆ ಬೋರ್ಡು ಕೂರಿಸಿದ್ದು ಚೀರು. ಅವಳು ಬಾಯಿ ತೆರೆಯುವ ಮೊದಲೇ ಸುಮತಿ ಹೇಳಿದಳು: "ತಪ್ಪು ನಂದು. ನಾಳೆ ಬನ್ನಿ. ನಾಳೆ ಓಡದಿದ್ರೆ ಅಂಗಡಿ ನಾನೇ ಮುಚ್ತೀನಿ."

ಅವರು ಹೋದ ಮೇಲೆ ಚೀರು ಅತ್ತಳು. ಸುಮತಿ ಅವಳ ಮುಂದೆ ಚಾಯದ ಲೋಟ ಇಟ್ಟಳು. "ಅಳೋದು ಬಿಡು. ನಾಳೆ ಬೋರ್ಡನ್ನ ಹೊರಗಿಟ್ಟು ನೋಡೋಣ. ಹೊರಗೆ ಓಡಿದ್ರೆ ರೋಗ ಪೆಟ್ಟಿಗೇಲಿದೆ ಅಂತ."

*

ಚೀರು ಬೋರ್ಡನ್ನು ರಟ್ಟಿನ ಮೇಲಿಟ್ಟು ತಂತಿಗಳನ್ನು ಸಿಕ್ಕಿಸಿದಳು. ಗುಂಡಿ ಒತ್ತುವ ಬದಲು ಸ್ಕ್ರೂಡ್ರೈವರ್ ತುದಿಯಿಂದ ಎರಡು ಪಿನ್ನುಗಳನ್ನು ಒಂದಕ್ಕೊಂದು ಮುಟ್ಟಿಸಿದಳು. ಫ್ಯಾನು ತಿರುಗಿತು. ನಿಲ್ಲಲಿಲ್ಲ.

ಬೋರ್ಡು ತಗಡಿಗೆ ತಾಗದಂತೆ ಎತ್ತಿ ಹಿಡಿಯುವ ಹಿತ್ತಾಳೆಯ ಪುಟ್ಟ ಕಾಲುಗಳನ್ನು ಎಣಿಸಿದಳು. ಬೋರ್ಡಿನಲ್ಲಿ ತೂತು ಒಂಬತ್ತು. ಪೆಟ್ಟಿಗೆಯಲ್ಲಿ ಕಾಲು ಹತ್ತು. ಹೆಚ್ಚಿನದು ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗುತ್ತಿತ್ತು. ಅದನ್ನು ಕಿತ್ತು ಬೋರ್ಡನ್ನು ಮತ್ತೆ ಕೂರಿಸಿದಳು.

ಅಚ್ಯುತನ್ ಮಾಷ್ ಬಂದದ್ದು ಸಾವಿನ ಸುದ್ದಿ ಕೇಳಿ. ಚೀರುವನ್ನು ಕಂಡು ತಲೆಯಾಡಿಸಿದರು. "ಇವತ್ತು ಬೇಡ ಮಗಳೇ."

"ಇವತ್ತೇ ಮಾಷೇ." ಅವಳ ದನಿ ಏರಿತು. "ನಿನ್ನೆ ತಪ್ಪು ಅಕ್ಕಂದಲ್ಲ, ನಂದು. ಒಂದು ಕಾಲು ಜಾಸ್ತಿ ಹಾಕಿದ್ದೆ. ನನ್ನ ಮಾನ ಉಳ್ಸೋಕೆ ಅವ್ರು ಮೈಮೇಲೆ ಹಾಕ್ಕೊಂಡ್ರು. ಎಲ್ರೂ ಕೇಳ್ಲಿ."

ನಡುಮನೆಯ ಮಂತ್ರ ನಿಂತಿತು. ಚೀರು ಗುಂಡಿ ಒತ್ತಿದಳು. ಕಪ್ಪು ಪರದೆಯ ಮೇಲೆ ಅಂಕಿಗಳು ಏರತೊಡಗಿದವು.

"ಸಂಜೆವರೆಗೆ ನಿಲ್ದೆ ಓಡ್ಬೇಕು. ಅಕ್ಕನ ಪರೀಕ್ಷೆ ಹಂಗೆ."

"ಈ ಗುಂಯ್‌ಗುಡೋ ಸದ್ದಲ್ಲಿ ನನ್ನ ತಂಗೀನ ಎತ್ಬೇಕಾ?" ಪದ್ಮಪ್ಪ ಒಳಗೆ ನುಗ್ಗಿದರು. "ಆರ್ಸು!"

ಗೋಡೆ ಹಿಡಿದುಕೊಂಡು ಮುದಿತಾಯಿ ವಿಮಲಮ್ಮ ಬಂದರು. ಕಣ್ಣು ಒಣಗಿತ್ತು.

"ಹನ್ನೆರಡು ವರ್ಷ ನೀನು ಅವಳಿಗೆ ಸುಮ್ನಿರು ಸುಮ್ನಿರು ಅಂದೆ ಪದ್ಮಾ. ಇವತ್ತು ಸುಮ್ನಿದ್ದಾಳೆ. ಸಾಕಾಯ್ತಾ ನಿಂಗೆ?"

ಹೊರಗೆ ಗಂಡಸರು ಚಟ್ಟ ಎತ್ತಿದರು. ಪದ್ಮಪ್ಪ ಅದನ್ನು ಆರಿಸದೆ ಹೋಗಿ ಹೆಗಲು ಕೊಟ್ಟರು.

ಹೊತ್ತು ಇಳಿಯುವಾಗ ಗಂಡಸರು ಹೊಳೆಯಲ್ಲಿ ಮುಳುಗಿ ಮರಳಿದರು. ಎಲ್ಲರಿಗಿಂತ ಮುಂದೆ ಪದ್ಮಪ್ಪ, ಅವರ ಹಿಂದೆ ಒದ್ದೆ ಮುಂಡಿನಲ್ಲಿ ಅಚ್ಯುತನ್ ಮಾಷ್ ಕೋಣೆಯ ಬಾಗಿಲಿಗೆ ಬಂದು ನಿಂತರು. ಪರದೆಯ ಮೇಲೆ ಅಂಕಿಗಳು ಇನ್ನೂ ಓಡುತ್ತಿದ್ದವು. ಚೀರು ಅದರ ಮುಂದಿನಿಂದ ಎದ್ದಿರಲಿಲ್ಲ. ವಿಮಲಮ್ಮ ಗೋಡೆಯ ಸ್ವಿಚ್ಚಿಗೆ ಅಡ್ಡವಾಗಿ ಕುರ್ಚಿ ಎಳೆದುಕೊಂಡು, ಅದಕ್ಕೆ ಬೆನ್ನೊತ್ತಿ, ಮಗನನ್ನೇ ದಿಟ್ಟಿಸುತ್ತ ಕುಳಿತಿದ್ದರು.