ಮೂರನೇ ಕೆಂಪು ಚುಕ್ಕೆ

ಹನ್ನೊಂದೂವರೆ ಹೊಡೆಯುವಷ್ಟರಲ್ಲಿ ದುರ್ಗಾಳ ಹೆಸರಿನ ಮುಂದೆ ಎರಡು ಕೆಂಪು ಚುಕ್ಕೆ ಬಿದ್ದಿದ್ದವು. ಅವಳ ಮೌಸ್ ಐದು ನಿಮಿಷ ಅಲುಗಾಡದಿದ್ದರೆ, ಇಲ್ಲವೇ ನೆಟ್ ಕಡಿದರೆ, ಸುರಪುರದಲ್ಲಿ ಪ್ರೆಸ್ಸಿನ ಮಾಲೀಕ ಶಾಂತಕುಮಾರನ ಮೊಬೈಲಿನ ಆ್ಯಪಿಗೆ ಒಂದು ಚುಕ್ಕೆ ಹೋಗುತ್ತಿತ್ತು. ಒಂದೇ ದಿನ ಮೂರು ಬಿದ್ದರೆ ಮನೆಯಿಂದ ಕೆಲಸ ಬಂದ್, ಮರುದಿನದಿಂದ ಅಂಗಡಿಗೇ ಬರಬೇಕು ಎಂದು ಅವನು ಖಡಾಖಂಡಿತವಾಗಿ ಹೇಳಿದ್ದ. ದುರ್ಗಾ ಅಂಗಡಿಯಲ್ಲಿದ್ದಾಗಿನದಕ್ಕಿಂತ ಈಗಲೇ ಹೆಚ್ಚು ಲಗ್ನಪತ್ರಿಕೆ ಮಾಡಿಕೊಡುತ್ತಿದ್ದಳು. ಆದರೆ ಮನೆಯಲ್ಲಿ ಕುಳಿತವರು ದುಡಿಯುವುದಿಲ್ಲ ಎಂಬುದು ಆ ಮಹಾಶಯನ ತಲೆಯಲ್ಲಿ ಕೂತುಬಿಟ್ಟಿತ್ತು.

ಹುಣಸಗಿಯ ಆ ಮನೆಯಲ್ಲಿ ಅತ್ತೆ ಭೀಮವ್ವ ಸೊಂಟ ಮುರಿದುಕೊಂಡು ಮಲಗಿದ್ದಳು. ಮೊದಲ ಚುಕ್ಕೆ ಅವಳನ್ನು ಬಚ್ಚಲಿಗೆ ಎತ್ತಿ ಒಯ್ದದ್ದಕ್ಕೆ, ಎರಡನೆಯದು ಕರೆಂಟ್ ಹೋದದ್ದಕ್ಕೆ. ದುರ್ಗಾ ಅಂಗಡಿಗೆ ಹೊರಟರೆ ಹಗಲಿಡೀ ಆ ಜೀವಕ್ಕೆ ಒಂದು ಲೋಟ ನೀರು ಕೊಡುವವರೂ ಇರಲಿಲ್ಲ.

ಈಗ ಪರದೆಯ ಮೇಲಿದ್ದದ್ದು ಭಾಗ್ಯ ಎಂಬ ಹುಡುಗಿಯ ಲಗ್ನಪತ್ರಿಕೆ. ಗಿರಾಕಿ ಹೇಳಿದ್ದನ್ನು ಶಾಂತಕುಮಾರ ಚೀಟಿಯಲ್ಲಿ ಬರೆದು ಫೋಟೊ ಕಳಿಸಿದ್ದ. ‘ದಿ. ಅಯ್ಯಣ್ಣನವರ ಮೊಮ್ಮಗಳು’ ಎಂದಿತ್ತು, ಅಂದರೆ ಅಜ್ಜ ತೀರಿಹೋಗಿದ್ದಾನೆ. ಕೆಳಗೆ, ಸುಖಾಗಮನ ಬಯಸುವವರ ಸಾಲಿನಲ್ಲಿ ಮೊದಲ ಹೆಸರೇ ‘ಶ್ರೀ ಅಯ್ಯಣ್ಣ’. ಸತ್ತವರು ಮದುವೆಗೆ ಕರೆಯುವುದುಂಟೇ? ದುರ್ಗಾ ಮಾಲೀಕನಿಗೆ ಮೆಸೇಜ್ ಹಾಕಿದಳು.

‘ಅಜ್ಜನ ಹೆಸರು ಮೊಮ್ಮಗಗ ಇಟ್ಟಿರ್ತಾರ. ಬರದಷ್ಟು ಟೈಪ್ ಹೊಡಿ. ಪ್ರಿಂಟ್ ಹಾಕೋ ಬಾಷುಮಿಯಾ ಮಷಿನ್ ಮುಂದ ನಿಂತಾನ, ಹನ್ನೆರಡಕ್ಕ ಕರೆಂಟ್ ಹೋಗ್ತದ’ ಎಂದು ಉತ್ತರ ಬಂತು.

ಇರಬಹುದು. ಇಲ್ಲದಿರಲೂಬಹುದು. ಚೀಟಿಯ ತುದಿಯಲ್ಲಿ ಗಿರಾಕಿಯ ನಂಬರ್ ಇತ್ತು. ಆದರೆ ಅವಳ ಕಂಪ್ಯೂಟರಿಗೆ ನೆಟ್ ಬರುತ್ತಿದ್ದದ್ದು ಅವಳ ಫೋನಿನಿಂದಲೇ. ಕಾಲ್ ಮಾಡಿದರೆ ನೆಟ್ ಕಡಿಯುತ್ತಿತ್ತು, ಮೂರನೇ ಚುಕ್ಕೆ ಬೀಳುತ್ತಿತ್ತು. ಬರೆದಷ್ಟು ಹೊಡೆದು ಕಳಿಸಿದರೆ ತಪ್ಪು ಅವಳ ತಲೆಗೆ ಬರುವುದಿಲ್ಲ. ಕೈ ಸುಮ್ಮನೆ ಮೌಸನ್ನು ಅತ್ತಿತ್ತ ಆಡಿಸುತ್ತಲೇ ಇತ್ತು. ಒಳಗೆ ಭೀಮವ್ವ ನರಳಿದಳು. ಆದರೂ ಬದುಕಿರುವ ಮನುಷ್ಯ ಸತ್ತನೆಂದು ಐನೂರು ಮನೆಗೆ ಸಾರುವುದು ಅವಳಿಂದಾಗಲಿಲ್ಲ. ಹಾಳಾಗಿ ಹೋಗಲಿ ಎಂದು ಮೌಸ್ ಬಿಟ್ಟು ನಂಬರ್ ಒತ್ತಿದಳು.

“ಯಾರ್ರಿ?” ಎಂದಿತು ಒಂದು ಮುದಿ ದನಿ.

“ಪ್ರೆಸ್ಸಿನಿಂದರಿ ಕಾಕಾ. ಲಗ್ನಪತ್ರದಾಗ ಅಯ್ಯಣ್ಣ ಅಂತ...”

“ಅಯ್ಯಣ್ಣ ಅಂದ್ರ ನಾನ. ಏನಾತು?”

ದುರ್ಗಾ ಪರದೆಯ ಮೇಲಿನ ‘ದಿ.’ ನೋಡಿದಳು. “ಏನಿಲ್ರಿ. ಹೆಸರು ಮತ್ತೊಂದು ಸಲ ಹೇಳ್ರಿ.”

“ದಿವಂಗತ ಅಮರಪ್ಪನ ಮಗ ಅಯ್ಯಣ್ಣ, ಅವನ ಮೊಮ್ಮಗಳು ಭಾಗ್ಯ. ನಿನ್ನೆ ನಾನ ಬಂದು ಹೇಳೀನಲ್ಲವ್ವ. ನಿಮ್ಮ ಸಾವ್ಕಾರ ಮೊಬೈಲ್‌ದಾಗ ಮಾರಿ ಇಟ್ಟಿದ್ದ. ಸರಿ ಬರಕೊಂಡಾನೋ ಇಲ್ಲೋ?”

“ಬರಕೊಂಡಾರ್ರಿ,” ಎಂದು ಸುಳ್ಳು ಹೇಳಿದಳು.

ಸಾಲು ತಿದ್ದಿ ಕಳಿಸಿದಾಗ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಬೆನ್ನಿಗೇ ಶಾಂತಕುಮಾರನ ಫೋನ್ ಬಂತು.

“ಮೂರಾತು. ನಾಳಿ ಒಂಬತ್ತಕ್ಕ ಅಂಗಡ್ಯಾಗ ಇರಬೇಕು. ಏಳು ನಿಮಿಷ ನೆಟ್ ಬಂದ್ ಮಾಡಿ ಏನ್ ಮಾಡಾಕತ್ತಿದ್ದಿ?”

“ಅಯ್ಯಣ್ಣಾರ ಜೋಡಿ ಮಾತಾಡಾಕತ್ತಿದ್ದೆರಿ. ನಿನ್ನೆ ನಿಮ್ಮ ಮುಂದ ನಿಂತು ಹೆಸರು ಹೇಳಿದ್ರಲ್ಲ, ಅವರ ಜೋಡಿ. ದಿವಂಗತ ಆಗಿದ್ದು ಅವರಪ್ಪ. ನೀವು ಅಯ್ಯಣ್ಣಾರನ್ನ ಮಾಡೀರಿ.”

ಆ ಕಡೆ ಚೀಟಿಗಳನ್ನು ತಡಕುವ ಸದ್ದು ಕೇಳಿತು.

“ಬರಿಯೂವಾಗ ಮೊಬೈಲ್ ನೋಡಾಕತ್ತಿದ್ದೆ,” ಎಂದ ದನಿ ಇಳಿಸಿ.

“ಏನ್ ನೋಡಾಕತ್ತಿದ್ರಿ?”

“ನಿನಗ ಚುಕ್ಕಿ ಬಿತ್ತೇನು ಅಂತ.”

ದುರ್ಗಾಳಿಗೆ ಸಿಟ್ಟೂ ನಗುವೂ ಒಟ್ಟಿಗೇ ಬಂದವು.

“ನಾಳಿ ಬರೂದು ಬ್ಯಾಡ ಬಿಡು,” ಎಂದ ಅವನು. “ಆ ಚುಕ್ಕಿ ಆ್ಯಪನ್ನ ತಗದು ಹಾಕಲೇನು?”

“ತಗೀರಿ ಅಣ್ಣಾರ. ಅದರಿಂದ ಕೆಲಸ ಕೆಟ್ಟಿದ್ದು ನಂದಲ್ಲ, ನಿಮ್ಮದು.”